ಪುನರ್ವಸು ಮಳೆಯ ಮೇಲೆ ಹಾಯುವ ಉಪಗ್ರಹಗಳನ್ನು ಯೋಜಿಸುವವರಿಗೆ

ಒಂದು ಬಹಿರಂಗ ಪತ್ರ

ತೀರ್ಥಹಳ್ಳಿ

ಬೆಂಗಳೂರಿನಲ್ಲಿ ಕಿರು ಉಪಗ್ರಹಗಳ ಪುಂಜಗಳನ್ನು ಯೋಜಿಸುತ್ತಿರುವ ತರುಣ ತಂತ್ರಜ್ಞರೆ,

ಭೂವೀಕ್ಷಣೆಗಾಗಿ 12 ಉಪಗ್ರಹಗಳ ಪುಂಜವೊಂದನ್ನು ಸರ್ಕಾರದ ಸಹಭಾಗಿತ್ವದಲ್ಲಿ ಕಟ್ಟಿ ನಡೆಸುವ ಹೊಣೆಯನ್ನು ಭಾರತದ ಅಂತರಿಕ್ಷೋದ್ಯಮದ ಉಸ್ತುವಾರಿ ನೋಡುವ ಇನ್-ಸ್ಪೇಸ್ ಸಂಸ್ಥೆಯು ಬೆಂಗಳೂರಿನ ಪಿಕ್ಸೆಲ್ ಮುಂದಾಗಿ ನಿಂತ ಕೂಟಕ್ಕೆ ವಹಿಸಿತೆಂಬ ವಾರ್ತೆ 2025ರ ಆಗಸ್ಟ್ ತಿಂಗಳಿನಲ್ಲಿ ಪತ್ರಿಕೆಗಳಿಗೆ ಬಂದಾಗ ನಮ್ಮಲ್ಲಿ ಆಶ್ಲೇಷ ಮಳೆ ಹಿಡಿದಿತ್ತು. ಬೆಂಗಳೂರಿನದೇ ಆದ ಸ್ಯಾಟ್‌ಶ್ಯೂರ್, ಅಹಮದಾಬಾದಿನ ಪಿಯರ್‌ಸೈಟ್, ಹೈದರಾಬಾದಿನ ಧ್ರುವ ಸ್ಪೇಸ್ ಈ ಕೂಟದ ಇತರ ಅಂಗಗಳೆಂದೂ, 1,200 ಕೋಟಿ ರೂಪಾಯಿಗೂ ಮಿಕ್ಕ ಬಂಡವಾಳ ಇದರಲ್ಲಿ ತೊಡಗುವುದೆಂದೂ, ಬೆಳಕಿನಿಂದ ನೋಡುವ ಉಪಗ್ರಹಗಳೊಡನೆ ಮೋಡವನ್ನು ಭೇದಿಸಿ ನೋಡುವ ರೇಡಾರ್ ಉಪಗ್ರಹಗಳೂ ಅದರಲ್ಲಿ ಇರತಕ್ಕವೆಂದೂ ಓದಿದ ಬಳಿಕ, ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರನಾದ ನಾನು, ಆ ಕೂಟದವರಿಗೆ ಮಾತ್ರವಲ್ಲದೆ ಈ ನಾಡಿನಲ್ಲಿ ಇಂಥ ಪುಂಜಗಳ ಯೋಜನೆಯನ್ನು ಹಾಕುತ್ತಿರುವ ನಿಮಗೆಲ್ಲರಿಗೂ ಒಂದು ಪತ್ರ ಬರೆಯಬೇಕೆಂದು ಬಯಸಿದೆನು.

ಯಂತ್ರವಿದ್ಯೆಯಲ್ಲಿ ನಿಮಗೆ ಹೇಳಿಕೊಡತಕ್ಕದ್ದು ನನ್ನಲ್ಲಿ ಏನೂ ಇಲ್ಲ. ಆದರೆ ನೀವು ಮೇಲಿನಿಂದ ಯಾವುದನ್ನು ನೋಡಹೊರಟಿದ್ದೀರೋ ಆ ನೆಲದ ಮೇಲೆ ನಿಂತವರಿಗೂ ಯೋಜನೆಯ ಸಭೆಯಲ್ಲಿ ಒಂದು ಮಾತಿನ ಅಧಿಕಾರ ಉಂಟೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ. ನನ್ನ ವಿಜ್ಞಾಪನೆಯ ಸಾರ ಇಷ್ಟೆ. ಎಷ್ಟು ಉಪಗ್ರಹಗಳೆಂಬ ಎಣಿಕೆಗೆ ಮೊದಲು, ನೆಲದ ಮೇಲಿನವನು ಎಷ್ಟು ದಿನ ಕಾಯಬಲ್ಲನೆಂಬ ಪ್ರಶ್ನೆಯನ್ನು ಕೇಳಿಕೊಳ್ಳಿ; ಯೋಜನೆಯು ಬರೆದಂತೆಯೇ ನಡೆದ ಪುಂಜ ಲೋಕದಲ್ಲಿ ವಿರಳವಾದಕಾರಣ, ಅದು ಕೆಟ್ಟಾಗ ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಎಂದೂ ಬಿಟ್ಟುಕೊಡಲಾಗದು ಎಂಬುದನ್ನು ಉಡಾವಣೆಗೆ ಮುಂಚೆಯೇ ಬರೆದಿಡಿ.

ಈ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ತಮ್ಮ ಸಂಗಡಿಗರೊಡನೆ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಮೇಲೇರಿದಾಗ ಅದರ ತೂಕ 360 ಕಿಲೋ. ಕರ್ನಾಟಕ ಮತ್ತು ಆಂಧ್ರದ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಕಟ್ಟಿದ ಸ್ಟುಡ್‌ಸ್ಯಾಟ್ 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಏರಿದಾಗ ಅದು ಒಂದು ಕಿಲೋ ಕೂಡ ತೂಗುತ್ತಿರಲಿಲ್ಲ. 2017ರ ಫೆಬ್ರವರಿ 15ರಂದು ಪಿಎಸ್‌ಎಲ್‌ವಿ-ಸಿ37 ಒಂದೇ ಹಾರಾಟದಲ್ಲಿ 104 ಉಪಗ್ರಹಗಳನ್ನು ಕಕ್ಷೆಗೆ ಬಿಟ್ಟಿತು; ಅವುಗಳಲ್ಲಿ 88, ಪ್ಲಾನೆಟ್ ಎಂಬ ಅಮೆರಿಕದ ಒಂದೇ ಸಂಸ್ಥೆಯ, ಐದು ಕಿಲೋದೊಳಗಿನ ಉಪಗ್ರಹಗಳು. ಒಂದು ಮಹಾಯಂತ್ರಕ್ಕೆ ಸಮಸ್ತ ಭರವಸೆಯನ್ನೂ ಕಟ್ಟುವ ಕಾಲ ಹಿಂದಾಗಿ, ಅನೇಕ ಅಲ್ಪಯಂತ್ರಗಳಿಗೆ ಅದನ್ನು ಹಂಚುವ ಕಾಲ ಬಂದಿತೆಂಬುದು ಅಂದು ಎಲ್ಲರಿಗೂ ಕಂಡಿತು. ಹಂಚಿದ ಮಾತ್ರಕ್ಕೆ ಭರವಸೆ ದೃಢವಾಗುವುದಿಲ್ಲ. ಹೇಗೆ ಹಂಚಿದೆವೆಂಬುದರಲ್ಲಿ ಎಲ್ಲವೂ ಇದೆ.

ಈಗ ನಮ್ಮ ಕಡೆಯ ಪ್ರಶ್ನೆಗೆ ಬರುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದೇ ತಾಲ್ಲೂಕಿನ ತೀರ್ಥಹಳ್ಳಿ ಪಟ್ಟಣದಲ್ಲಿ ಅದರ ಅರ್ಧದಷ್ಟೂ ಬೀಳುವುದಿಲ್ಲ. ಈ ಮಳೆಯನ್ನು ನಾವು ತಿಂಗಳಿನಿಂದ ಅಳೆಯುವುದಿಲ್ಲ, ನಕ್ಷತ್ರದಿಂದ ಅಳೆಯುತ್ತೇವೆ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ ಎಂಬ ಒಂದೊಂದು ಮಳೆಯೂ ಹದಿಮೂರು ಹದಿನಾಲ್ಕು ದಿನಗಳ ಕಾಲಖಂಡ. ಬೀಜ ಬಿತ್ತುವುದಾಗಲಿ, ನಾಟಿಯಾಗಲಿ, ತೋಟಕ್ಕೆ ಔಷಧಿ ಹೊಡೆಯುವುದಾಗಲಿ ಈ ಖಂಡಗಳಲ್ಲಿಯೇ ನಿಶ್ಚಯವಾಗತಕ್ಕದ್ದು. ಅಡಿಕೆಯ ಕೊಳೆರೋಗ ಇಂಥ ಮಳೆಯ ಕೂಸು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ರೋಗದ ಶಿಲೀಂಧ್ರವನ್ನು ಅಭ್ಯಸಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ತಂದುಕೊಟ್ಟರು. ಅದಕ್ಕೆ ಮುಂಚೆ ಅಡಿಕೆಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುವುದೊಂದೇ ಉಪಾಯವಾಗಿತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವೆಂಬ ಆ ಪ್ರಮಾಣ ಇಂದಿಗೂ ಬದಲಾಗಿಲ್ಲ. ಮೊದಲ ಔಷಧಿ ಮುಂಗಾರು ಹಿಡಿಯುವುದಕ್ಕೆ ಮುಂಚೆ. ಎರಡನೆಯದು ನಲವತ್ತು ನಲವತ್ತೈದು ದಿನಗಳ ಮೇಲೆ, ಎಂದರೆ ಪುನರ್ವಸು ಪುಷ್ಯಗಳ ನಡುವೆ ಎಲ್ಲಿಯೋ ಒಂದು ಹೊಳವು ಸಿಕ್ಕಿದಾಗ. ಆ ಹೊಳವು ಒಂದು ದಿನದ್ದೋ ಮೂರು ದಿನದ್ದೋ ಎಂಬುದನ್ನು ತಿಳಿಯದೆಯೇ ಕೊನೆಗಾರನನ್ನು ಕರೆಯಬೇಕಾದ ಸ್ಥಿತಿ ನಮ್ಮದು.

ಈ ಸ್ಥಿತಿಗೆ ನಿಮ್ಮ ಉಪಗ್ರಹ ಏನು ಮಾಡಬಲ್ಲುದು, ಏನು ಮಾಡಲಾರದು ಎಂಬುದನ್ನು ಪ್ರಾಮಾಣಿಕವಾಗಿ ಬೇರ್ಪಡಿಸುವುದೇ ಯೋಜನೆಯ ಮೊದಲ ಮೆಟ್ಟಿಲು. ಕೊಳೆ ಬಂದು ಮರದ ಬುಡಕ್ಕೆ ಉದುರಿದ ಕಾಯನ್ನು ಯಾವ ಉಪಗ್ರಹವೂ ಕಾಣದು. ಮೇಲೆ ಸೋಗೆಯ ಚಪ್ಪರ, ಅದರ ಮೇಲೆ ಮೋಡದ ಚಪ್ಪರ. ಆದರೆ ಈಚಿನ ವರ್ಷಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿಗಳ ತೋಟಗಳನ್ನು ಕಾಡುತ್ತಿರುವ ಎಲೆಚುಕ್ಕೆ ರೋಗದ ವಿಷಯ ಬೇರೆ. ಅದು ಸೋಗೆಯ ಮೇಲೆಯೇ ತನ್ನ ಗುರುತನ್ನು ಬರೆಯುತ್ತದೆ. ಹಸಿರೆಲೆಯು ಕೆಂಪು ಬೆಳಕನ್ನು ಹೀರಿ, ಅದರಾಚೆಯ ಅವರಕ್ತ ಕಿರಣಗಳನ್ನು ಹಿಂದಕ್ಕೆ ಎರಚುತ್ತದೆ. ಎಲೆ ಬಳಲಿದಾಗ ಈ ಎರಡರ ನಡುವಿನ ಕಡಿದಾದ ಏರು, ಸುಮಾರು 700 ನ್ಯಾನೋಮೀಟರ್ ತರಂಗಾಂತರದ ಸುತ್ತಮುತ್ತ, ಕಣ್ಣಿಗೆ ಹಳದಿ ಕಾಣಿಸುವುದಕ್ಕೆ ಮುಂಚೆಯೇ ಸ್ವಲ್ಪ ಜರುಗುವುದುಂಟು. ಇಂಥ ಸೂಕ್ಷ್ಮವನ್ನು ಹಿಡಿಯಲೆಂದೇ ಪಿಕ್ಸೆಲ್ಲಿನ ಫೈರ್‌ಫ್ಲೈ ಉಪಗ್ರಹಗಳು ಬೆಳಕನ್ನು 135ಕ್ಕೂ ಹೆಚ್ಚು ಪಟ್ಟಿಗಳಾಗಿ ಸೀಳಿ ನೋಡುತ್ತವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ನೋಡುವುದು 13 ಪಟ್ಟಿಗಳಲ್ಲಿ. ಆದರೆ ಅವುಗಳ ಚಿತ್ರ ಜಗತ್ತಿಗೆಲ್ಲ ಉಚಿತ.

ಎಷ್ಟು ಸೂಕ್ಷ್ಮವಾಗಿ ನೋಡಬೇಕೆಂಬುದನ್ನು ನಮ್ಮ ತೋಟವೇ ಹೇಳುತ್ತದೆ. ಅಡಿಕೆಯನ್ನು ಒಂಬತ್ತು ಅಡಿಗೊಂದರಂತೆ ನೆಡುವುದು ಪದ್ಧತಿ. ಹಾಗೆ ನೆಟ್ಟಲ್ಲಿ ಒಂದು ಮರದ ಪಾಲಿಗೆ ಬರುವುದು ಏಳು ಚದರ ಮೀಟರಿಗೆ ಸ್ವಲ್ಪ ಮೇಲೆ. ಫೈರ್‌ಫ್ಲೈಯ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 5 ಮೀಟರ್ ಚೌಕ, ಎಂದರೆ ಮೂರು ನಾಲ್ಕು ಮರ. ಸೆಂಟಿನೆಲ್-2ರ ಅತಿ ಸೂಕ್ಷ್ಮ ಚುಕ್ಕೆ 10 ಮೀಟರ್ ಚೌಕ, ಎಂದರೆ ಹದಿಮೂರು ಹದಿನಾಲ್ಕು ಮರ. 30 ಮೀಟರಿನ ಚುಕ್ಕೆಯಲ್ಲಿ ಸುಮಾರು ನೂರಿಪ್ಪತ್ತು ಮರಗಳು ಅಡಗಿಹೋಗುತ್ತವೆ. ಬಯಲುಸೀಮೆಯ ವಿಶಾಲ ಕ್ಷೇತ್ರಗಳಲ್ಲಿ ಇದು ದೊಡ್ಡ ಬಾಧಕವಲ್ಲ. ನಮ್ಮ ತೋಟಗಳಾದರೋ ಎರಡು ಗುಡ್ಡಗಳ ನಡುವಿನ ಹಳ್ಳದ ಉದ್ದಕ್ಕೂ ಚಾಚಿದ ಕಿರಿದಾದ ಪಟ್ಟಿಗಳು. ಒಂದು ಮಗ್ಗುಲಲ್ಲಿ ಸೊಪ್ಪಿನಬೆಟ್ಟ, ಇನ್ನೊಂದು ಮಗ್ಗುಲಲ್ಲಿ ಗದ್ದೆ. ದೊಡ್ಡ ಚುಕ್ಕೆಯೊಳಗೆ ತೋಟ, ಕಾಡು, ಗದ್ದೆ ಮೂರೂ ಕಲಸಿಹೋಗಿ, ಕಾಡಿನ ಹಸಿರು ತೋಟದ ರೋಗವನ್ನು ಮುಚ್ಚಿಬಿಡುತ್ತದೆ.

ಸೂಕ್ಷ್ಮತೆಯನ್ನು ಕೇಳಿದವನು ಅದರ ಬೆಲೆಯನ್ನೂ ತಿಳಿಯಬೇಕಷ್ಟೆ. 550 ಕಿಲೋಮೀಟರ್ ಎತ್ತರದಲ್ಲಿ ಧ್ರುವಗಳ ಮೇಲೆ ಹಾದು ಸುತ್ತುವ ಉಪಗ್ರಹ ಸುಮಾರು 95 ನಿಮಿಷಕ್ಕೊಂದು ಪ್ರದಕ್ಷಿಣೆ ಮುಗಿಸಿ, ದಿನಕ್ಕೆ ಸುಮಾರು 15 ಸಲ ಭೂಮಿಯನ್ನು ಸುತ್ತುತ್ತದೆ. ಫೈರ್‌ಫ್ಲೈ ಒಂದು ಹಾಯುವಿಕೆಯಲ್ಲಿ ನೋಡುವ ಅಗಲ 40 ಕಿಲೋಮೀಟರ್. ಬಿಸಿಲಿನ ಹದಿನೈದು ಹಾಯುವಿಕೆಗಳಿಂದ ದಿನಕ್ಕೆ 600 ಕಿಲೋಮೀಟರ್ ಅಗಲ ಕಂಡಂತಾಯಿತು; ವಿಷುವದ್ರೇಖೆಯ ಸುತ್ತಳತೆಯೋ 40,000 ಕಿಲೋಮೀಟರಿಗೆ ಸ್ವಲ್ಪ ಮೇಲೆ. ನೇರವಾಗಿ ಕೆಳಕ್ಕೆ ಮಾತ್ರ ನೋಡುತ್ತ ಹೋದರೆ ಒಂದು ಉಪಗ್ರಹಕ್ಕೆ ಭೂಮಂಡಲವನ್ನೆಲ್ಲ ಕಾಣಲು ಎರಡು ತಿಂಗಳಿಗೂ ಹೆಚ್ಚು ಬೇಕು; ಆರು ಉಪಗ್ರಹಗಳಿಗೆ ಹನ್ನೊಂದು ದಿನ. ಹನ್ನೊಂದು ದಿನವೆಂದರೆ ಒಂದು ಮಳೆನಕ್ಷತ್ರದ ಒಳಗೇ ಒಮ್ಮೆ ನೋಡಿದ ಹಾಗೆ. ಉಪಗ್ರಹ ಓರೆಯಾಗಿ ತಿರುಗಿ ನೋಡಬಲ್ಲುದಾದ್ದರಿಂದ ಆಯ್ದ ಒಂದು ಸ್ಥಳವನ್ನು ದಿನವೂ ನೋಡುವುದು ಸಾಧ್ಯವೆಂದು ನೀವು ಹೇಳುವಿರಿ. ನಿಜ. ಆದರೆ ಅದು ನಮ್ಮ ಕಡೆಗೆ ತಿರುಗಿದ ಕ್ಷಣದಲ್ಲಿ ಮತ್ತೊಬ್ಬರ ಕಡೆಗೆ ಬೆನ್ನು ಮಾಡಿರುತ್ತದೆ. ಸೂರ್ಯಫಲಕದ ವಿದ್ಯುತ್ತು ಮಿತವಾದದ್ದು. ಭೂಕೇಂದ್ರವೊಂದರ ಮೇಲೆ ಅದು ಹಾಯುವ ಹೊತ್ತು ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ನಿಮಿಷದ ಆಸುಪಾಸು. ನೂರಕ್ಕೂ ಮಿಕ್ಕ ಪಟ್ಟಿಗಳ ಚಿತ್ರವನ್ನೆಲ್ಲ ಅಷ್ಟರಲ್ಲಿ ಇಳಿಸಬೇಕು. ಆದುದರಿಂದ ಯಾರ ಕಡೆಗೆ ತಿರುಗಬೇಕೆಂಬ ಪ್ರಶ್ನೆ ದಿನವೂ ಏಳುತ್ತದೆ, ದಿನವೂ ಯಾರೋ ಅದಕ್ಕೆ ಉತ್ತರ ಕೊಡುತ್ತಾರೆ. ಆ ಉತ್ತರವನ್ನು ಹಣವೊಂದೇ ಕೊಡತಕ್ಕದ್ದೋ ಎಂಬ ಮಾತನ್ನು ಮುಂದೆ ಎತ್ತುತ್ತೇನೆ.

ಇದಕ್ಕೆ ಮೋಡದ ತೊಡಕು ಸೇರಿತು. ಜೂನ್ ಮಧ್ಯದಿಂದ ಸೆಪ್ಟೆಂಬರಿನವರೆಗೆ ಬೆಳಕನ್ನು ನಂಬಿದ ಉಪಗ್ರಹಕ್ಕೆ ಸಹ್ಯಾದ್ರಿಯ ಈ ಮಗ್ಗುಲು ಬಹುತೇಕ ಬಿಳಿಯ ಹಾಳೆ. ಈ ಬಗೆಯ ಉಪಗ್ರಹಗಳು ಸೂರ್ಯನೊಡನೆ ಹೊಂದಿ ನಡೆಯುವ ಕಕ್ಷೆಯಲ್ಲಿರುವುದರಿಂದ ಪ್ರತಿಸಲವೂ ಒಂದೇ ಗಳಿಗೆಗೆ ನಮ್ಮ ಮೇಲೆ ಹಾಯುತ್ತವೆ. ನೆರಳು ಸದಾ ಒಂದೇ ತೆರನಾಗಿ ಬೀಳುವುದು ಅದರ ಗುಣ. ಆ ಗಳಿಗೆಯ ಮೋಡವೂ ಸದಾ ಒಂದೇ ತೆರನಾಗಿರುವುದು ಅದರ ದೋಷ. ಹಳ್ಳದ ಕಾವಳ ಬೆಳಗ್ಗೆ ಹತ್ತರವರೆಗೂ ಏಳದ ದಿನಗಳಿವೆ, ಅಪರಾಹ್ನ ಮಾತ್ರ ಹೊಳವಾಗುವ ದಿನಗಳಿವೆ. ಒಂದೇ ಸಮತಲದಲ್ಲಿ ಹಿಂದೆಮುಂದೆ ಸಾಗುವ ಆರು ಉಪಗ್ರಹಗಳಿಗಿಂತ, ಮೂರು ಪೂರ್ವಾಹ್ನದಲ್ಲಿ, ಮೂರು ಅಪರಾಹ್ನದಲ್ಲಿ ಹಾಯುವಂತೆ ಎರಡು ಸಮತಲಗಳಲ್ಲಿ ಹಂಚಿದ ಆರು ನಮ್ಮಂಥವರಿಗೆ ಹೆಚ್ಚು ಉಪಕಾರಿ. ಮಳೆಗಾಲದ ನಾಡಿನ ಜನ ನಕ್ಷೆಯನ್ನು ಬರೆದಿದ್ದರೆ ಈ ಮಾತು ಮೊದಲ ಪುಟದಲ್ಲಿಯೇ ಇರುತ್ತಿತ್ತು.

ನಕ್ಷೆಯಲ್ಲಿ ಬರೆದದ್ದು ಉಡಾವಣೆಯಲ್ಲಿ ಸಿಕ್ಕಬೇಕಲ್ಲ. ಕಿರು ಉಪಗ್ರಹಗಳು ಹೆಚ್ಚಾಗಿ ಇತರರೊಡನೆ ರಾಕೆಟ್ಟನ್ನು ಹಂಚಿಕೊಂಡು ಹೋಗುವಂಥವು. ಅದು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಂತೆ ಅಗ್ಗವೂ ಹೌದು, ತನ್ನ ಹೊತ್ತಿಗೆ ಹೊರಟು ತನ್ನ ನಿಲ್ದಾಣದಲ್ಲಿ ಇಳಿಸುವುದೂ ಹೌದು. ಇಳಿದ ಮೇಲೆ ಕಕ್ಷೆಯ ಸಮತಲವನ್ನೇ ಬದಲಿಸುವುದೆಂದರೆ ಕಿರು ಉಪಗ್ರಹ ಹೊರಲಾರದಷ್ಟು ಇಂಧನ ಬೇಕು. ಒಂದೇ ಸಮತಲದೊಳಗೆ ಅಂತರವನ್ನು ಹೊಂದಿಸಿಕೊಳ್ಳುವುದು ಮಾತ್ರ ಸುಲಭಸಾಧ್ಯ. ಎಂಜಿನ್ನೇ ಇಲ್ಲದ ಪ್ಲಾನೆಟ್ಟಿನ ಕಿರು ಉಪಗ್ರಹಗಳು ಇದಕ್ಕೆ ಕಂಡುಕೊಂಡ ಉಪಾಯ ಶ್ಲಾಘ್ಯವಾದದ್ದು. ಆ ಎತ್ತರದಲ್ಲಿಯೂ ತೆಳ್ಳಗೆ ಉಳಿದಿರುವ ಗಾಳಿಗೆ ಕೆಲವು ಉಪಗ್ರಹಗಳು ತಮ್ಮ ಫಲಕಗಳನ್ನು ಅಡ್ಡವಾಗಿ ಒಡ್ಡುತ್ತವೆ, ಕೆಲವು ಅಂಚನ್ನು ಒಡ್ಡುತ್ತವೆ. ಅಡ್ಡ ಒಡ್ಡಿದವು ಸ್ವಲ್ಪ ಕೆಳಗಿಳಿದು ಬೇಗ ಸುತ್ತಿ ಮುಂದಾಗುತ್ತವೆ. ವಾರಗಟ್ಟಲೆಯ ಈ ತಾಳ್ಮೆಯಿಂದ ಗುಂಪಾಗಿ ಬಿದ್ದವು ಸಾಲಾಗಿ ಹರಡುತ್ತವೆ. ಇಲ್ಲದ್ದನ್ನು ಹಂಬಲಿಸದೆ ಇದ್ದುದನ್ನೇ ಸಾಧನವನ್ನಾಗಿ ಮಾಡಿಕೊಳ್ಳುವ ಈ ಬುದ್ಧಿಯೇ ಪುಂಜವನ್ನು ಕಾಪಾಡತಕ್ಕದ್ದು.

ಯೋಜನೆಯು ಮಾರ್ಪಡಲೇಬೇಕಾದ ಪ್ರಸಂಗಗಳನ್ನು ಈಗಿನ ಇತಿಹಾಸದಿಂದಲೇ ಎತ್ತಿ ತೋರಿಸಬಹುದು. ಪಿಕ್ಸೆಲ್ಲಿನ ಮೊದಲ ಉಪಗ್ರಹ ಆನಂದ್ 2021ರ ಫೆಬ್ರವರಿಯಲ್ಲಿ ಪಿಎಸ್‌ಎಲ್‌ವಿ-ಸಿ51ರಲ್ಲಿ ಹೋಗಬೇಕಾಗಿದ್ದು, ಸಾಫ್ಟ್‌ವೇರಿನ ತೊಡಕಿನಿಂದಾಗಿ ಕೊನೆಯ ಗಳಿಗೆಯಲ್ಲಿ ಹಿಂದಕ್ಕೆ ಉಳಿಯಿತು. ಎರಡನೆಯದಾದ ಶಕುಂತಲಾ 2022ರ ಏಪ್ರಿಲ್ 1ರಂದು ಮೊದಲೇ ಏರಿತು. ಆನಂದ್ ಅದೇ ವರ್ಷದ ನವೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ54ರಲ್ಲಿ ಏರಿತು. ಮೊದಲನೆಯದು ಎರಡನೆಯದಾಯಿತು, ಎರಡನೆಯದು ಮೊದಲನೆಯದಾಯಿತು, ಕೆಲಸ ನಿಲ್ಲಲಿಲ್ಲ. ಫೈರ್‌ಫ್ಲೈಗಳಲ್ಲಿ ಮೂರು 2025ರ ಜನವರಿಯಲ್ಲಿ, ಮತ್ತೆ ಮೂರು ಅದೇ ಆಗಸ್ಟಿನಲ್ಲಿ ಕಕ್ಷೆ ಸೇರಿದುವು. ಎಲ್ಲವನ್ನೂ ಒಂದೇ ಸಲ ಕಳಿಸದೆ ತಂಡ ತಂಡವಾಗಿ ಕಳಿಸುವುದರಲ್ಲಿ ಮೊದಲ ತಂಡ ಕಲಿಸಿದ್ದನ್ನು ಮುಂದಿನದಕ್ಕೆ ಅಳವಡಿಸುವ ಅವಕಾಶವಿದೆ. ಬೆಳೆಗಾರನು ಒಂದು ಮೂಲೆಯಲ್ಲಿ ಹೊಸ ತಳಿಯನ್ನು ನೆಟ್ಟು ನೋಡದೆ ತೋಟವನ್ನೆಲ್ಲ ಬದಲಿಸನು.

ಕಿರು ಉಪಗ್ರಹಗಳಿಗೆಂದೇ ಇಸ್ರೋ ರೂಪಿಸಿದ ಎಸ್‌ಎಸ್‌ಎಲ್‌ವಿ ರಾಕೆಟ್ಟು 2022ರ ಆಗಸ್ಟ್ 7ರ ಮೊದಲ ಹಾರಾಟದಲ್ಲಿ, ಹಂತ ಬೇರ್ಪಡುವಾಗಿನ ಕಂಪನದಿಂದ ವೇಗೋತ್ಕರ್ಷಮಾಪಕಗಳು ಮೋಸಹೋಗಿ, 356 ಕಿಲೋಮೀಟರಿನ ವೃತ್ತಕಕ್ಷೆಗೆ ಬದಲಾಗಿ ಒಂದು ತುದಿ ಕೇವಲ 76 ಕಿಲೋಮೀಟರಿನಷ್ಟು ತಗ್ಗಿದ ಕಕ್ಷೆಯಲ್ಲಿ ಉಪಗ್ರಹಗಳನ್ನು ಬಿಟ್ಟಿತು; ಅವು ಉಳಿಯಲಿಲ್ಲ. ಕಾರಣವನ್ನು ಲೋಕಕ್ಕೆ ಬಿಚ್ಚಿ ಹೇಳಿ, ತಿದ್ದಿಕೊಂಡು, 2023ರ ಫೆಬ್ರವರಿ 10ರಂದು ಇಸ್ರೋ ಅದನ್ನು ಮತ್ತೆ ಹಾರಿಸಿ ಸಫಲವಾಯಿತು. ಸೂರ್ಯನೂ ಯೋಜನೆಯನ್ನು ಕೆಡಿಸಬಲ್ಲನು. 2022ರ ಫೆಬ್ರವರಿ 3ರಂದು ಏರಿದ ಸ್ಟಾರ್‌ಲಿಂಕಿನ 49 ಉಪಗ್ರಹಗಳಲ್ಲಿ ಬಹುಪಾಲು, ಸೌರಕ್ಷೋಭೆಯಿಂದ ಉಬ್ಬಿದ ವಾಯುಮಂಡಲದ ತಡೆಗೆ ಸಿಕ್ಕಿ ಮೇಲೇರಲಾರದೆ ಸುಟ್ಟುಹೋದುವು. ಸಾವಿರಗಟ್ಟಲೆ ಉಪಗ್ರಹಗಳುಳ್ಳವರಿಗೆ ಅದು ಒಂದು ನಷ್ಟ. ಆರು ಉಳ್ಳವರಿಗಾದರೆ ಅದೇ ಪ್ರಳಯ.

ಇವೆಲ್ಲಕ್ಕಿಂತ ನನಗೆ ಬೋಧಪ್ರದವಾಗಿ ತೋರಿದ್ದು ಸೆಂಟಿನೆಲ್-1ರ ಕಥೆ. ಮೋಡದ ಕೆಳಗೆ ನೋಡುವ ಈ ರೇಡಾರ್ ಉಪಗ್ರಹಗಳು ಜೋಡಿಯಾಗಿ 6 ದಿನಕ್ಕೊಮ್ಮೆ ಅದೇ ಪಥಕ್ಕೆ ಮರಳುವಂತೆ ಯೋಜಿತವಾದುವು. 2021ರ ಡಿಸೆಂಬರಿನಲ್ಲಿ ಅವುಗಳಲ್ಲೊಂದರ ವಿದ್ಯುತ್ ವ್ಯವಸ್ಥೆ ಕೆಟ್ಟು, ಅವಧಿ 12 ದಿನಕ್ಕೆ ಇಮ್ಮಡಿಯಾಯಿತು. ಬದಲಿಯನ್ನು ಕಳಿಸೋಣವೆಂದರೆ ಅದನ್ನು ಹೊರಬೇಕಾದ ವೇಗಾ-ಸಿ ರಾಕೆಟ್ಟೇ 2022ರ ಡಿಸೆಂಬರಿನಲ್ಲಿ ವಿಫಲವಾಯಿತು; ಬದಲಿ ಉಪಗ್ರಹ ಏರಿದ್ದು 2024ರ ಡಿಸೆಂಬರ್ 5ರಂದು. ಮೂರು ವರ್ಷ, ಎಂದರೆ ನಮ್ಮ ಲೆಕ್ಕದಲ್ಲಿ ಮೂರು ಮಳೆಗಾಲ. ದಾರಿ ತೋರುವ ನಮ್ಮ ನಾವಿಕ್ ಪುಂಜಕ್ಕೂ ಹೀಗೆಯೇ ಆಯಿತು: ಮೊದಲ ಉಪಗ್ರಹದ ಪರಮಾಣು ಗಡಿಯಾರಗಳು ಕೆಟ್ಟುವು, ಬದಲಿಗೆ ಹೋದದ್ದು 2017ರ ಆಗಸ್ಟ್ 31ರಂದು ರಾಕೆಟ್ಟಿನ ಕವಚ ಬಿಚ್ಚಿಕೊಳ್ಳದೆ ಅದರೊಳಗೇ ಉಳಿಯಿತು, ಅದರ ಬದಲಿ 2018ರ ಏಪ್ರಿಲಿನಲ್ಲಿ ಏರಿತು. ಬದಲಿಗೂ ಬದಲಿಯನ್ನು ಯೋಚಿಸಬೇಕೆಂಬುದು ಈ ಎರಡು ಕಥೆಗಳ ನೀತಿ. ಕಿರು ಉಪಗ್ರಹದ ನಿಜವಾದ ಹಿರಿಮೆ ಇಲ್ಲಿದೆ. ಅದನ್ನು ತ್ವರಿತವಾಗಿ ಕಟ್ಟಬಹುದು, ಒಂದನ್ನು ಸಿದ್ಧಮಾಡಿ ನೆಲದ ಮೇಲೆಯೇ ಇಟ್ಟುಕೊಳ್ಳಬಹುದು, ಯಾವ ರಾಕೆಟ್ಟಿಗಾದರೂ ಹೊಂದುವಂತೆ ಮಾಡಬಹುದು. ಈ ಮೂರನ್ನೂ ಮಾಡದ ಪುಂಜವು ಗಾತ್ರದಲ್ಲಿ ಮಾತ್ರ ಕಿರಿದು.

ಮತ್ತೊಂದು ಮಾರ್ಪಾಟು ಇನ್ನೊಬ್ಬರ ಉಪಗ್ರಹವನ್ನು ಆಶ್ರಯಿಸುವುದು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಏರಿದ ರೇಡಾರ್ ಉಪಗ್ರಹ ನಿಸಾರ್, ಎರಡು ಟನ್ನಿಗೂ ಹೆಚ್ಚು ತೂಗುವ ಮಹಾಯಂತ್ರ. 12 ದಿನಕ್ಕೊಮ್ಮೆ ಅದೇ ಪಥಕ್ಕೆ ಮರಳುತ್ತದೆ, ಅದರ ಸುಮಾರು 24 ಸೆಂಟಿಮೀಟರಿನ ದೀರ್ಘತರಂಗ ಮೋಡವನ್ನೂ ಸೋಗೆಯನ್ನೂ ಹಾದು ಒಳಹೋಗಬಲ್ಲುದು. ರೇಡಾರಿಗೆ ಎಲೆಯ ಬಣ್ಣ ತಿಳಿಯದು, ಮರದ ಮೈಕಟ್ಟು, ನೆಲದ ತೇವ ತಿಳಿಯುತ್ತದೆ. ಕಡಿದಾದ ಗುಡ್ಡದ ಮರೆಯಲ್ಲಿ ಅದಕ್ಕೂ ನೆರಳು ಬೀಳುತ್ತದೆ. ನಿಸಾರಿನ ಹನ್ನೆರಡು ದಿನಗಳ ನಡುವಣ ತೆರಪಿನಲ್ಲಿ ನಿಮ್ಮ ಕಿರು ರೇಡಾರುಗಳು ಹಾಯುವಂತೆ ಹೊಂದಿಸಿದಲ್ಲಿ, ಪ್ರತಿಯೊಂದು ಮಳೆನಕ್ಷತ್ರದಲ್ಲಿಯೂ ನಮ್ಮ ಹಳ್ಳಗಳ ಕಡೆಗೆ ಎರಡು ಮೂರು ನೋಟಗಳಾದರೂ ಬೀಳುತ್ತವೆ. ದೊಡ್ಡದಕ್ಕೆ ಪ್ರತಿಸ್ಪರ್ಧಿಯಾಗುವುದಕ್ಕಿಂತ ದೊಡ್ಡದು ಬಿಟ್ಟ ತೆರಪನ್ನು ತುಂಬುವುದು ಚಿಕ್ಕದರ ವಿವೇಕ.

ಹಣದ ಮಾತನ್ನು ಎತ್ತುವೆನೆಂದೆನಲ್ಲ. 2002 ಮತ್ತು 2003ರಲ್ಲಿ ಬ್ರಿಟನ್ನಿನ ಸರ್ರೆ ಸಂಸ್ಥೆಯ ನೆರವಿನಿಂದ ಅಲ್ಜೀರಿಯಾ, ನೈಜೀರಿಯಾ, ತುರ್ಕಿ ಮತ್ತು ಬ್ರಿಟನ್ ತಲಾ ಒಂದೊಂದರಂತೆ ನೂರು ಕಿಲೋದ ಆಸುಪಾಸಿನ ಉಪಗ್ರಹಗಳನ್ನು ಮೇಲಕ್ಕೆ ಕಳಿಸಿ, ವಿಪತ್ತಿನ ಕಾಲದಲ್ಲಿ ಒಬ್ಬರ ಉಪಗ್ರಹ ಕಂಡದ್ದನ್ನು ಎಲ್ಲರೂ ಹಂಚಿಕೊಳ್ಳುವ ವಿಪತ್ತು ವೀಕ್ಷಣಾ ಪುಂಜವನ್ನು ಕಟ್ಟಿದುವು. ಒಬ್ಬೊಬ್ಬರಿಗೂ ಸ್ವಂತಕ್ಕೆ ಒಂದು ಉಪಗ್ರಹ, ಬಳಕೆಗೆ ಒಂದು ಪುಂಜ. ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಈ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಮ್ಯಾಮ್ಕೋಸ್ ಮುಂತಾದ ಸಹಕಾರ ಸಂಘಗಳು ಇದೇ ತತ್ತ್ವದ ಮೇಲೆ ನಿಂತು, ಎರಡೆಕರೆಯವನ ಅಡಿಕೆಗೂ ಮಾರುಕಟ್ಟೆಯಲ್ಲಿ ದನಿ ಕೊಟ್ಟಿವೆ. ಎರಡೆಕರೆಯವನು ಒಬ್ಬನೇ ಹೋಗಿ ಉಪಗ್ರಹವನ್ನು ತನ್ನ ತೋಟದ ಕಡೆಗೆ ತಿರುಗಿಸಲಾರನು. ಮೂರು ತಾಲ್ಲೂಕುಗಳ ಬೆಳೆಗಾರರು ಸಂಘದ ಮೂಲಕ ಒಟ್ಟಾಗಿ ಕೇಳಿದರೆ ಅದು ನೀವು ಗಣಿಸಲೇಬೇಕಾದ ಒಂದು ಪ್ರಾರ್ಥನೆಯಾಗುತ್ತದೆ.

ನಾವು ಬರಿಗೈಯಲ್ಲಿ ಕೇಳುತ್ತಲೂ ಇಲ್ಲ. ಮೇಲಿನಿಂದ ಕಂಡ ಹಳದಿ, ಎಲೆಚುಕ್ಕೆಯದೋ, ಹಳದಿ ಎಲೆ ರೋಗದ್ದೋ, ಗೊಬ್ಬರದ ಕೊರತೆಯದೋ, ಬೇಸಗೆಯ ನೀರಿನ ಅಭಾವದ್ದೋ ಎಂಬುದನ್ನು ತೋಟದಲ್ಲಿ ನಿಂತು ನೋಡಿದವನು ಮಾತ್ರ ಹೇಳಬಲ್ಲನು. ಆ ನಿಶ್ಚಯವಿಲ್ಲದೆ ನಿಮ್ಮ ಗಣಕಗಳು ಕಲಿಯುವ ಪಾಠ ತಪ್ಪುಪಾಠವಾಗುತ್ತದೆ. ತೀರ್ಥಹಳ್ಳಿಯ ಸೀಬಿನಕೆರೆಯಲ್ಲಿ ಅಡಿಕೆ ಸಂಶೋಧನಾ ಕೇಂದ್ರವಿದೆ. ಸಾಗರದ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮಪಂಚಾಯಿತಿಗಳಲ್ಲಿ ಇಟ್ಟ ಮಳೆಮಾಪಕಗಳಿವೆ, ಹವಾಮಾನ ಆಧಾರಿತ ಬೆಳೆವಿಮೆಗೆ ಇಂಥ ಮಾಪನವೇ ಆಧಾರ. ಇವುಗಳೊಡನೆ ಸಾವಿರಾರು ಬೆಳೆಗಾರರ ಕಣ್ಣುಗಳನ್ನೂ ಕೂಡಿಸಿದರೆ, ಅದು ನಿಮ್ಮ ಪುಂಜದ ಕೆಳಗಣ ಅರ್ಧ. ಮೇಲಣ ಅರ್ಧಕ್ಕೆ 1,200 ಕೋಟಿ ತೊಡಗಿಸುವವರು ಕೆಳಗಣ ಅರ್ಧವನ್ನು ಕೊನೆಯ ಪುಟದ ಅಡಿಟಿಪ್ಪಣಿಗೆ ಬಿಡಬಾರದು.

ಆದಕಾರಣ ನನ್ನ ನಿವೇದನೆ ನಾಲ್ಕು. ಒಂದು, ಜೂನಿನಿಂದ ಸೆಪ್ಟೆಂಬರಿನವರೆಗೆ ಪಶ್ಚಿಮಘಟ್ಟದ ಮೇಲೆ ರೇಡಾರಿನ ಸರದಿಯನ್ನು ಯೋಜನೆಯಲ್ಲಿಯೇ ಸ್ಥಿರಪಡಿಸಿ, ಯಾವ ಮಳೆನಕ್ಷತ್ರವೂ ಒಂದು ನೋಟವಾದರೂ ಇಲ್ಲದೆ ಕಳೆಯದಂತೆ ಮಾಡಿ. ಎರಡು, ಒಂದು ಉಪಗ್ರಹ ಕೆಟ್ಟಾಗ, ಉಡಾವಣೆ ತಡವಾದಾಗ, ಯಾವ ಪ್ರದೇಶದ ಸೇವೆ ಮೊದಲು ಕುಗ್ಗುವುದು, ಯಾವುದು ಕುಗ್ಗದು ಎಂಬ ಪಟ್ಟಿಯನ್ನು ಬಹಿರಂಗಪಡಿಸಿ. ಕೊಡುವ ಹಣವೊಂದೇ ಆ ಪಟ್ಟಿಯ ಕ್ರಮವನ್ನು ನಿರ್ಣಯಿಸದಿರಲಿ. ಮೂರು, ಚಿತ್ರವನ್ನಲ್ಲ, ಚಿತ್ರದಿಂದ ಬಂದ ತಿಳಿವಳಿಕೆಯನ್ನು ಕನ್ನಡದಲ್ಲಿ, ಸಹಕಾರ ಸಂಘದ ಮೂಲಕ, ಔಷಧಿ ಹೊಡೆಯುವ ಹೊತ್ತಿಗೆ ಮುಂಚೆ ತಲುಪಿಸಿ. ಗಣಪತಿ ಹಬ್ಬದ ಮೇಲೆ ಬಂದ ಕೊಳೆರೋಗದ ಎಚ್ಚರಿಕೆ ಯಾರಿಗೂ ಬೇಡ. ನಾಲ್ಕು, ಆಯುಸ್ಸು ತೀರಿದ ಉಪಗ್ರಹವನ್ನು ಕೆಳಗಿಳಿಸುವ ಇಂಧನವನ್ನೂ ಉಪಾಯವನ್ನೂ ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಿರಿ. 2030ರ ಹೊತ್ತಿಗೆ ತನ್ನ ಯಾತ್ರೆಗಳಿಂದ ಅಂತರಿಕ್ಷದಲ್ಲಿ ಕಸ ಉಳಿಯದಂತೆ ಮಾಡುವುದಾಗಿ ಭಾರತ ಸಂಕಲ್ಪಿಸಿದೆ; ಆ ಸಂಕಲ್ಪ ಉಳಿಯುವುದೋ ಅಳಿಯುವುದೋ ನಿಮ್ಮಂಥ ಪುಂಜಕಾರರ ಕೈಯಲ್ಲಿದೆ.

ನಿಮ್ಮ ಮುಂದಿನ ಯೋಜನಾ ಸಭೆಯನ್ನು ಬೆಂಗಳೂರಿನ ಬದಲು ತೀರ್ಥಹಳ್ಳಿಯಲ್ಲಿ, ಅದೂ ಜುಲೈ ತಿಂಗಳಿನಲ್ಲಿ ನಡೆಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಸಭೆಗೆ ಒಂದು ಛತ್ರ ದೊರೆಯುವುದು ಕಷ್ಟವಲ್ಲ, ಊಟದ ವ್ಯವಸ್ಥೆ ನಮ್ಮದು. ವಿದ್ಯುತ್ತು ಹೋಗಬಹುದು, ಫೋನಿನ ಸಂಪರ್ಕ ತಪ್ಪಬಹುದು, ರಸ್ತೆಗೆ ಮರ ಬಿದ್ದು ನೀವು ಒಂದು ದಿನ ಹೆಚ್ಚಾಗಿ ಉಳಿಯಬೇಕಾಗಲೂಬಹುದು. ಹಾಗಾದಲ್ಲಿ ಯೋಜನೆಯನ್ನು ಪರಿಸ್ಥಿತಿಗೆ ತಕ್ಕಂತೆ ಮಾರ್ಪಡಿಸುವ ಅಭ್ಯಾಸ ಸಭೆಯ ಮೊದಲ ದಿನವೇ ಆರಂಭವಾದಂತಾಗುತ್ತದೆ. ಪ್ರಶ್ನೆ ಕೇಳುವವರಿಗಂತೂ ಇಲ್ಲಿ ಕೊರತೆಯಾಗದು.

ಇತಿ ನಿಮ್ಮ ಶ್ರೇಯೋಭಿಲಾಷಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ